ಸಾಷ್ಟಿ ದ್ವೀಪದ ಜನಸಂಖ್ಯೆ: ಸೇತುವೆಗಳು ಬೆಳೆಸಿದ ಲೆಕ್ಕ

1901ರ ಗಣತಿಯಲ್ಲಿ ಮುಂಬಯಿಗೆ ಉತ್ತರದ ಸಾಷ್ಟಿ ದ್ವೀಪದ ಜನಸಂಖ್ಯೆ ಸುಮಾರು 1.47 ಲಕ್ಷ, ವಿಸ್ತೀರ್ಣ 246 ಚದರ ಮೈಲಿ. ಅದಕ್ಕೂ ಹತ್ತು ವರ್ಷ ಮೊದಲೇ ಕೆರೀಬಿಯನ್ ಸಮುದ್ರದ ಬಾರ್ಬಡೋಸಿನಲ್ಲಿ ಬರೀ 166 ಚದರ ಮೈಲಿಯೊಳಗೆ 1.8 ಲಕ್ಷಕ್ಕೂ ಹೆಚ್ಚು ಜನರಿದ್ದರು. ಎರಡೂ ಬ್ರಿಟಿಷರ ಆಡಳಿತದಲ್ಲಿದ್ದ ದ್ವೀಪಗಳು. ಇಂದು ಬಾರ್ಬಡೋಸ್ ಮೂರು ಲಕ್ಷವನ್ನೂ ಮುಟ್ಟಿಲ್ಲ. ಸಾಷ್ಟಿ ಕೋಟಿ ದಾಟಿದೆ. ಬಾರ್ಬಡೋಸಿನವರು ಪನಾಮಾ ಕಾಲುವೆಯ ಕೆಲಸಕ್ಕೆ, ಆಮೇಲೆ ಇಂಗ್ಲೆಂಡಿಗೆ ಹೊರಟರು. ಸಾಷ್ಟಿಗೆ ದೇಶದ ಮೂಲೆಮೂಲೆಗಳಿಂದ ಜನ ಬಂದರು. ಬಾಂದ್ರಾದಿಂದ ಭಾಯಂದರ್‌ವರೆಗೆ, ಕುರ್ಲಾದಿಂದ ಠಾಣೆಯವರೆಗೆ ಹರಡಿದ ಈ ನೆಲವನ್ನು ದ್ವೀಪವೆಂದು ಅಲ್ಲಿ ಬಾಳುವವರೇ ಮರೆತಿದ್ದಾರೆ. ಸಾಷ್ಟಿಯ ಜನಸಂಖ್ಯೆಯನ್ನು ನಿರ್ಧರಿಸಿದ್ದು ಹುಟ್ಟುಸಾವಿಗಿಂತ ಹೆಚ್ಚಾಗಿ ಅದನ್ನು ಹೊರನಾಡಿಗೆ ಜೋಡಿಸಿದ ದಾರಿಗಳು ಎಂಬುದು ಈ ಲೇಖನದ ವಾದ.

ಗಣತಿಗೆ ಮುಂಚೆ

ಗಣತಿಯಿಲ್ಲದ ಕಾಲಕ್ಕೆ ಶಾಸನಗಳೇ ಆಧಾರ. ದ್ವೀಪದ ನಡುವಿನ ಕನ್ಹೇರಿ ಗುಹೆಗಳಲ್ಲಿ ದಾನ ಕೊಟ್ಟವರ ಹೆಸರುಗಳ ಜೊತೆಗೆ ಊರುಗಳೂ ಇವೆ: ಕಲ್ಯಾಣ, ಸೋಪಾರ, ನಾಸಿಕ್. ಹೊರಗಿನವರ ಓಡಾಟ ಇಲ್ಲಿ ಅಷ್ಟು ಹಳೆಯದು. 9ನೆಯ ಶತಮಾನದ ಕನ್ಹೇರಿ ಶಾಸನಗಳು ಕೊಂಕಣದ ಶಿಲಾಹಾರರನ್ನು ಹೆಸರಿಸುವಾಗ, ಅವರ ಸಾರ್ವಭೌಮನೆಂದು ರಾಷ್ಟ್ರಕೂಟ ಅಮೋಘವರ್ಷನನ್ನು ಹೇಳುತ್ತವೆ. ಅಂದರೆ ಮಾನ್ಯಖೇಟದ ನೃಪತುಂಗನ ಆಳ್ವಿಕೆ ಈ ದ್ವೀಪದ ಗುಡ್ಡದವರೆಗೂ ಚಾಚಿತ್ತು.

ತಲೆಯೆಣಿಕೆಗೆ ಹತ್ತಿರವಾದ ಹಳೆಯ ಮಾತು 1320ರ ದಶಕದ್ದು. ಠಾಣೆಗೆ ಬಂದ ಇಟಲಿಯ ಪಾದ್ರಿ ಓಡೊರಿಕ್ ಅಲ್ಲಿ ನೆಸ್ಟೋರಿಯನ್ ಕ್ರೈಸ್ತರ ಹದಿನೈದು ಮನೆಗಳಿದ್ದವೆಂದು ಬರೆದಿದ್ದಾನೆ. 1534ರಲ್ಲಿ ಪೋರ್ಚುಗೀಸರು ಬಂದ ಮೇಲೆ ಕೋಳಿ, ಕುಣಬಿ, ಭಂಡಾರಿ ಮುಂತಾದ ಸಮುದಾಯಗಳ ಅನೇಕರು ಕ್ರೈಸ್ತರಾದರು. ಇಂದಿನ ಈಸ್ಟ್ ಇಂಡಿಯನ್ ಸಮುದಾಯದ ಬೇರು ಅಲ್ಲಿದೆ. 1739ರ ವೇಳೆಗೆ ದ್ವೀಪ ಮರಾಠರ ಕೈಸೇರಿತು. 1774ರ ಕೊನೆಗೆ ಇಂಗ್ಲಿಷರು ಠಾಣೆ ಕೋಟೆ ಹಿಡಿದರು. ಆಳುವವರು ಬದಲಾದರೂ ಬದುಕು ಬದಲಾಗಲಿಲ್ಲ. ಭತ್ತದ ಗದ್ದೆ, ಉಪ್ಪಿನಾಗರ, ಮೀನುಗಾರಿಕೆ ಎಷ್ಟು ಜನರನ್ನು ಸಾಕಬಲ್ಲವೋ ಅಷ್ಟೇ ಜನ ಅಲ್ಲಿದ್ದರು.

ದಾರಿಗಳು, ಪ್ಲೇಗು

ಬದಲಾವಣೆ ಶುರುವಾದದ್ದು 19ನೆಯ ಶತಮಾನದ ಆರಂಭದಲ್ಲಿ ಸಾಯನ್ ಬಳಿ ದ್ವೀಪವನ್ನು ಮುಂಬಯಿಗೆ ಜೋಡಿಸಿ ಕಟ್ಟಿದ ದಾರಿಯಿಂದ. 1845ರಲ್ಲಿ ಮಾಹೀಮ್ ಕಾಸ್‌ವೇ ತೆರೆಯಿತು. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಠಾಣೆಗೆ ರೈಲು ಬಂತು. ಮರುವರ್ಷ ಅದು ಖಾಡಿಯನ್ನು (ದ್ವೀಪವನ್ನು ಬೇರ್ಪಡಿಸುವ ಕಡಲ ಕವಲನ್ನು) ದಾಟಿ ಕಲ್ಯಾಣ ಮುಟ್ಟಿತು. ಆದರೆ ರೈಲು ಬಂದೊಡನೆ ಊರು ಬೆಳೆಯಲಿಲ್ಲ. 1901ರಲ್ಲೂ ಠಾಣೆಯಲ್ಲಿ 16,011, ಕಲ್ಯಾಣದಲ್ಲಿ 10,749 ಜನ ಮಾತ್ರ. ಕೆಲಸವೆಲ್ಲ ಮುಂಬಯಿಯ ಗಿರಣಿ, ಹಡಗುಕಟ್ಟೆಗಳಲ್ಲೇ ಇತ್ತು. ಕೂಲಿಯವರಿಗೆ ಚಾಳು ಹತ್ತಿರವೇ ಬೇಕಿತ್ತು.

ನಗರದಿಂದ ಹೊರಗೆ ವಾಸಿಸುವ ಯೋಚನೆಗೆ ಬಲ ಕೊಟ್ಟದ್ದು 1896ರ ಪ್ಲೇಗು. ಬಾಂದ್ರಾದ ಓಣಿಗಳಲ್ಲಿ ಆಗ ರೋಗದಿಂದ ಕಾಪಾಡಲೆಂದು ನಿಲ್ಲಿಸಿದ ಶಿಲುಬೆಗಳು ಇಂದಿಗೂ ಇವೆ. 1920ರ ದಶಕದ ವಿದ್ಯುತ್ ರೈಲು ಹೊರಗೆ ವಾಸಿಸುವ ಈ ಪ್ರವೃತ್ತಿಯನ್ನು ನಿತ್ಯದ ಕ್ರಮವಾಗಿಸಿತು.

ಖಾಡಿಯ ಆಚೆ

ದ್ವೀಪದಾಚೆಯ ನೆಲದಲ್ಲಿ 1947ರ ದೇಶವಿಭಜನೆ ಒಮ್ಮೆಗೇ ಒಂದು ಊರನ್ನೇ ಹುಟ್ಟಿಸಿತು. ಕಲ್ಯಾಣದ ಬಳಿಯ ಸೈನಿಕ ಶಿಬಿರಗಳಿಗೆ ಬಂದಿಳಿದ ಸಿಂಧಿ ನಿರಾಶ್ರಿತರ ನೆಲೆಯೇ ಉಲ್ಲಾಸನಗರ. 1960ರ ದಶಕದಲ್ಲಿ ಠಾಣೆಯ ವಾಗಳೆ ಎಸ್ಟೇಟ್, ಡೊಂಬಿವಲಿ ಮತ್ತು ಠಾಣೆ–ಬೇಲಾಪುರದ ಕೈಗಾರಿಕಾ ಪ್ರದೇಶಗಳು ಕೆಲಸವನ್ನೇ ಇತ್ತ ತಂದವು. 1970ರಲ್ಲಿ ನಗರ ನಿರ್ಮಾಣ ಸಂಸ್ಥೆ ಸಿಡ್ಕೊ ಸ್ಥಾಪನೆಯಾಯಿತು, 1973ರಲ್ಲಿ ವಾಶಿ ಸೇತುವೆ ತೆರೆಯಿತು. ನವಿ ಮುಂಬಯಿಗಾಗಿ ಗದ್ದೆ, ಉಪ್ಪಿನಾಗರ ಕೊಟ್ಟ ಆಗ್ರಿ, ಕೋಳಿ ಜನರ ಹೋರಾಟ 1984ರಲ್ಲಿ ಜಾಸಯಿಯ ಗೋಲಿಬಾರಿನಲ್ಲಿ ಐವರ ಬಲಿ ಪಡೆಯಿತು. ಶೇಕಡಾ 12.5ರಷ್ಟು ಅಭಿವೃದ್ಧಿಪಡಿಸಿದ ಭೂಮಿಯನ್ನು ಹಿಂದಿರುಗಿಸುವ ಯೋಜನೆ ಆ ಹೋರಾಟದ ಫಲ.

2011ರಲ್ಲಿ ಠಾಣೆ ನಗರದಲ್ಲಿ ಸುಮಾರು 18.4 ಲಕ್ಷ, ಕಲ್ಯಾಣ–ಡೊಂಬಿವಲಿಯಲ್ಲಿ 12.5 ಲಕ್ಷ, ನವಿ ಮುಂಬಯಿಯಲ್ಲಿ 11.2 ಲಕ್ಷ ಜನರಿದ್ದರು. ಆಗಿನ್ನೂ ಪಾಲಘರ್ ಬೇರೆಯಾಗದ ಠಾಣೆ ಜಿಲ್ಲೆ 1.1 ಕೋಟಿ ಜನರೊಂದಿಗೆ ದೇಶದಲ್ಲೇ ಮೊದಲನೆಯದಾಗಿತ್ತು. 2011ರವರೆಗಿನ ಹತ್ತು ವರ್ಷಗಳಲ್ಲಿ ಹಳೆಯ ಮುಂಬಯಿ ದ್ವೀಪದ ಜಿಲ್ಲೆ 33.4 ಲಕ್ಷದಿಂದ 30.9 ಲಕ್ಷಕ್ಕೆ ಇಳಿಯಿತು. ಲಿಂಗಾನುಪಾತವೂ ಇದೇ ಕಥೆ ಹೇಳುತ್ತದೆ: ಸಾವಿರ ಗಂಡಸರಿಗೆ ಮುಂಬಯಿ ನಗರದಲ್ಲಿ 832 ಹೆಂಗಸರು, ಉಪನಗರ ಜಿಲ್ಲೆಯಲ್ಲಿ 860, ಠಾಣೆ ಜಿಲ್ಲೆಯಲ್ಲಿ 886. ಒಬ್ಬಂಟಿ ಗಂಡಸು ದುಡಿಯುವುದು ನಗರದಲ್ಲಿ. ಸಂಸಾರ ಹೂಡುವುದು ಖಾಡಿಯತ್ತ.

ಕನ್ನಡಿಗರ ಲೆಕ್ಕ

ದುಡಿಮೆ ನಗರದಲ್ಲಿ, ಸಂಸಾರ ಖಾಡಿಯತ್ತ ಎಂಬ ಮಾತು ಕನ್ನಡಿಗರಿಗೂ ಒಪ್ಪುತ್ತದೆ. ಧಾರವಾಡ, ಬೆಳಗಾವಿ, ವಿಜಾಪುರ, ಉತ್ತರ ಕನ್ನಡಗಳು 1956ರವರೆಗೆ ಠಾಣೆಯೊಡನೆ ಒಂದೇ ಮುಂಬಯಿ ಆಡಳಿತದಲ್ಲಿದ್ದವು. ದಕ್ಷಿಣ ಕನ್ನಡದವರು ಮದ್ರಾಸ್ ಪ್ರಾಂತ್ಯದಿಂದ ಹಡಗು ಹತ್ತಿ ಬಂದರು. ಫೋರ್ಟಿನ ಹೋಟೆಲಿನಲ್ಲಿ ತಟ್ಟೆ ಎತ್ತಿ, ರಾತ್ರಿಶಾಲೆಯಲ್ಲಿ ಓದಿ, ಬೆಂಚಿನ ಮೇಲೆ ಮಲಗುತ್ತಿದ್ದ ಹುಡುಗನಿಗೆ ಮುಂದೆ ಬ್ಯಾಂಕಿನಲ್ಲೋ ಕಂಪನಿಯಲ್ಲೋ ನೌಕರಿ ಸಿಕ್ಕಿತು. ಮದುವೆಯಾದ ಮೇಲೆ ಅವನ ಕೈಗೆಟಕಿದ ಮನೆ ಡೊಂಬಿವಲಿ, ಕಲ್ಯಾಣದಲ್ಲಿತ್ತು. ಕರ್ನಾಟಕ ಸಂಘಗಳು, ಭಜನಾ ಮಂಡಳಿಗಳು, ಯಕ್ಷಗಾನದ ಆಟಗಳು ಅವನ ಹಿಂದೆಯೇ ಬಂದವು. 1998ರ ಕೊಂಕಣ ರೈಲ್ವೆ ಊರಿನ ದಾರಿಯನ್ನು ಒಂದು ರಾತ್ರಿಗೆ ಇಳಿಸಿತು.

ಆದರೆ ಇವರನ್ನು ಎಣಿಸುವುದು ಸುಲಭವಲ್ಲ. 2011ರಲ್ಲಿ ಮಹಾರಾಷ್ಟ್ರದ ಸುಮಾರು 10 ಲಕ್ಷ ಜನ ಕನ್ನಡವನ್ನು ಮಾತೃಭಾಷೆ ಎಂದು ಬರೆಸಿದ್ದಾರೆ. ಅದರಲ್ಲಿ ಸೊಲ್ಲಾಪುರ, ಸಾಂಗಲಿಯ ಮೂಲನಿವಾಸಿ ಕನ್ನಡಿಗರೂ ಸೇರಿದ್ದಾರೆ. ಮನೆಯಲ್ಲಿ ತುಳು ಅಥವಾ ಕೊಂಕಣಿ ಮಾತಾಡುತ್ತ ಕನ್ನಡ ಸಂಘ ನಡೆಸುವವರು ಸೇರಿಲ್ಲ. ಜನ್ಮಸ್ಥಳದ ಪಟ್ಟಿಯಲ್ಲೂ ತೊಡಕಿದೆ. ಡೊಂಬಿವಲಿಯಲ್ಲೇ ಹುಟ್ಟಿದ ಎರಡನೆಯ ತಲೆಮಾರು ವಲಸಿಗರ ಲೆಕ್ಕದಿಂದ ಹೊರಗುಳಿಯುತ್ತದೆ. ಇನ್ನು ಗಡಿಗಳು: 1920ರಲ್ಲಿ ಉಪನಗರ ಜಿಲ್ಲೆ ಠಾಣೆಯಿಂದ ಬೇರೆಯಾಯಿತು, 1950 ಮತ್ತು 1957ರಲ್ಲಿ ಬೃಹನ್ಮುಂಬಯಿ ಹಿಗ್ಗಿತು, ಇಂದಿನ ಠಾಣೆ ನಗರದೊಳಗಿನ ಕಳವಾ, ಮುಂಬ್ರಾ ದ್ವೀಪದ ಮೇಲಿಲ್ಲ. ಹಾಗಾಗಿ 1901ರ ಅಂಕಿಯನ್ನು 2011ರದಕ್ಕೆ ನೇರವಾಗಿ ಹೋಲಿಸಿದರೆ ದಾರಿ ತಪ್ಪುತ್ತೇವೆ.

ದ್ವೀಪದ ಒಟ್ಟು ಜನಸಂಖ್ಯೆಗೆ ಗಣತಿಯ ಸಂಪುಟಗಳು ಸಾಕು. ಯಾರು ಯಾವ ದಾರಿಯಲ್ಲಿ ಬಂದರೆಂದು ತಿಳಿಯಲು ಸಾಲವು. ಅದಕ್ಕೆ ಕನ್ನಡ ಶಾಲೆಗಳ ದಾಖಲಾತಿ ಪುಸ್ತಕಗಳು, ಸಂಘಗಳ ಸದಸ್ಯರ ಪಟ್ಟಿಗಳು, ಹೋಟೆಲುಗಳ ಹಾಜರಿ ಪುಸ್ತಕಗಳು ಬೇಕು. ರದ್ದಿಗೆ ಹೋಗುವ ಮೊದಲು ಅವನ್ನು ಒಂದೆಡೆ ಸೇರಿಸುವ ಕೆಲಸ ಈ ಭಾಗದ ಕನ್ನಡ ಸಂಘಗಳದು.