ಒಂದೇ ಕಲ್ಲು ಕೊಟ್ಟ ನೆರಳು, ನೀರು

ದೇವಸುಗೂರಿನ ಬಳಿ ಹರಿಯುವ ಕೃಷ್ಣೆಗೂ ತೆಂಕಣ ತುಂಗಭದ್ರೆಗೂ ನಡುವಿನ ಎಡೆದೊರೆ ನಾಡಿನಲ್ಲಿ, ಅಂದರೆ ರಾಯಚೂರು ಸೀಮೆಯಲ್ಲಿ, ಮಳೆ ಕಡಿಮೆ, ಬಿಸಿಲು ಬಿರುಸು. ಇಂಥಲ್ಲಿ ಸಾವಿರಾರು ವರ್ಷಗಳ ಹಿಂದೆಯೇ ಜನ ನೆಲೆನಿಂತದ್ದು ಹೇಗೆ? ಉತ್ತರದ ಒಂದು ದೊಡ್ಡ ಭಾಗ ಇಲ್ಲಿನ ಗುಡ್ಡಗಳಲ್ಲಿದೆ. ಗ್ರಾನೈಟ್ ಬಂಡೆ ಬಿರುಕಿನ ಗುಂಟ ಸವೆಯುತ್ತದೆ. ಮೆತ್ತಗಾದ ಭಾಗ ಮಳೆಗೆ ಕೊಚ್ಚಿಹೋಗಿ, ಉಳಿದ ಗುಂಡುಗಳು ಒಂದಕ್ಕೊಂದು ಒರಗಿ ಗವಿಯಾಗುತ್ತವೆ. ಬಂಡೆ ನೀರು ಹೀರುವುದಿಲ್ಲವಾದ್ದರಿಂದ ಅದರ ತಗ್ಗುಗಳಲ್ಲಿ ಮಳೆನೀರು ನಿಂತು ದೊಣೆಯಾಗುತ್ತದೆ, ಕೆರೆಯಾಗುತ್ತದೆ. ನೆರಳನ್ನೂ ನೀರನ್ನೂ ಕೊಟ್ಟದ್ದು ಒಂದೇ ಕಲ್ಲು. ಆದ್ದರಿಂದ ಗವಿಯನ್ನೂ ಅದರ ಮಗ್ಗುಲಿನ ಕೆರೆಯನ್ನೂ ಬೇರೆಬೇರೆಯಾಗಿ ನೋಡದೆ, ಒಂದೇ ಸ್ಮಾರಕವೆಂದು ಕಾಪಾಡಬೇಕು.

ಇದಕ್ಕೆ ಎದ್ದುಕಾಣುವ ಸಾಕ್ಷಿ, ಹಿಂದೆ ರಾಯಚೂರು ಜಿಲ್ಲೆಗೇ ಸೇರಿದ್ದ, ಈಗ ಕೊಪ್ಪಳ ಜಿಲ್ಲೆಯಲ್ಲಿರುವ ಹಿರೇಬೆಣಕಲ್. ಇಲ್ಲಿನ ಬೆಟ್ಟದ ಮೇಲೆ ಬೃಹತ್ ಶಿಲಾಯುಗದ ಸುಮಾರು 400 ಕಲ್ಲುಗೋರಿಗಳಿವೆ. ಇವುಗಳಲ್ಲಿ ಹಲವಕ್ಕೆ ನಾಲ್ಕು ಕಡೆ ಚಪ್ಪಡಿ ನಿಲ್ಲಿಸಿ, ಮೇಲೊಂದು ಹೊದಿಸಿ, ಒಂದು ಚಪ್ಪಡಿಯಲ್ಲಿ ದುಂಡನೆಯ ಕಿಂಡಿ ಕೊರೆದಿದ್ದಾರೆ. ಊರವರು ಇವನ್ನು ಮೋರೇರ ಮನೆಗಳೆನ್ನುತ್ತಾರೆ. ಅದೇ ಬೆಟ್ಟದ ಕಲ್ಲಾಸರೆಗಳಲ್ಲಿ ಕೆಂಪು ಬಣ್ಣದ ಜಿಂಕೆ, ನವಿಲು, ಕುಣಿಯುವ ಮನುಷ್ಯರ ಚಿತ್ರಗಳಿವೆ, ನಡುವೆ ಕೆರೆಯಿದೆ. ಆ ಕೆರೆ ಚಪ್ಪಡಿ ಎಬ್ಬಿಸಿದ ಗುಂಡಿಯೇ ಹೊರತು ನಿಸರ್ಗ ಕೊಟ್ಟದ್ದಲ್ಲ ಎಂಬ ಆಕ್ಷೇಪವಿದೆ. ಅಲ್ಲಿ ಕಲ್ಲು ತೆಗೆದದ್ದು ನಿಜವೇ ಇರಲಿ. ನಿಸರ್ಗ ಕೊಟ್ಟ ನೆಲೆಯನ್ನು ಮನುಷ್ಯ ತನ್ನ ಕೈಯಿಂದ ಮುಂದುವರಿಸಿದ ಎಂಬುದನ್ನೇ ಅದು ತೋರಿಸುತ್ತದೆ. ಗವಿ, ಗೋರಿ, ಕೆರೆ ಮೂರನ್ನೂ ಬೆಸೆದದ್ದು ಆ ಕೆಲಸವೇ. 2021ರಲ್ಲಿ ಈ ತಾಣ ಯುನೆಸ್ಕೊದ ತಾತ್ಕಾಲಿಕ ಪಟ್ಟಿಗೆ ಸೇರಿದೆ.

ಬಾದಾಮಿಯ ಗವಿಗಳಲ್ಲಿರುವಂಥ ಕೆತ್ತನೆಯಿಲ್ಲದ ಗುಂಡುಗಳ ರಾಶಿಗೆ ಇಷ್ಟೊಂದು ಬೆಲೆಯೇಕೆ ಎಂದು ಕೇಳುವವರಿದ್ದಾರೆ. ಅವರಿಗೆ ಇದೇ ನಾಡಿನ ಮಸ್ಕಿ ಉತ್ತರ ಕೊಡುತ್ತದೆ. ಪ್ರಾಚೀನ ಶಾಸನಗಳಲ್ಲಿ ಬರುವ 'ದೇವಾನಾಂಪ್ರಿಯ' ಎಂಬ ಬಿರುದಿನ ಅರಸ ಯಾರೆಂಬುದನ್ನು ವಿದ್ವಾಂಸರು ಅದುವರೆಗೆ ಬೇರೆ ಆಧಾರಗಳಿಂದ ಊಹಿಸಬೇಕಿತ್ತು. 1915ರಲ್ಲಿ ಮಸ್ಕಿಯ ಗುಡ್ಡದಲ್ಲಿ, ಗವಿಯಂಥ ಆಸರೆಯ ಬಂಡೆಯೊಂದರ ಮೇಲೆ ಆ ಬಿರುದಿನ ಜೊತೆಗೆ ಅಶೋಕನೆಂಬ ಹೆಸರೇ ಸಿಕ್ಕಿತು. ಯಾರೂ ಕಡೆಯದ ಗವಿ ಇಡೀ ದೇಶದ ಚರಿತ್ರೆಯ ಗೊಂದಲವೊಂದನ್ನು ಬಗೆಹರಿಸಿತು. ಈ ಗುಡ್ಡಗಳನ್ನು ಕಾಪಾಡಿದರೆ ಇಲ್ಲಿ ಕಲ್ಲು ಒಡೆದು ಬದುಕುವವರ ಹೊಟ್ಟೆಪಾಡೇನು ಎಂಬ ಪ್ರಶ್ನೆಯೂ ಹಗುರವಾದದ್ದಲ್ಲ. ಆದರೆ ಗ್ರಾನೈಟ್ ಬೇರೆಡೆಯೂ ಸಿಗುತ್ತದೆ. ಚಿತ್ರವಿರುವ ಆಸರೆ ಒಮ್ಮೆ ಒಡೆದರೆ ಮತ್ತೆ ಸಿಗದು. ಹಾಗಾಗಿ ರಕ್ಷಣೆಯ ಗಡಿಯನ್ನು ಗವಿಯ ಬಾಯಿಗೆ ನಿಲ್ಲಿಸದೆ, ಕೆರೆಗೆ ನೀರು ಹರಿದುಬರುವ ಇಳಿಜಾರಿನ ತುದಿಯವರೆಗೂ ಎಳೆಯಬೇಕು.