ದಂಡ ಕಟ್ಟಿದರಷ್ಟೇ ಸಾಲದು: ಕುಡಿದು ಸಿಕ್ಕಿಬಿದ್ದ ಚಾಲಕ ಮರಳಿ ವಾಹನವೇರುವ ಬಗೆ

ಬಳ್ಳಾರಿ: ಬ್ರೂಸ್‌ಪೇಟೆಯಿಂದ ಸಿರುಗುಪ್ಪ, ಕುರುಗೋಡಿನವರೆಗೆ ಲಾರಿ, ಟ್ಯಾಕ್ಸಿ, ಆಟೊ ಓಡಿಸಿ ಬದುಕುವವರಿಗೆ ಚಾಲನಾ ಪರವಾನಗಿಯೇ ಜೀವನಾಧಾರ. ಕುಡಿದು ವಾಹನ ಚಲಾಯಿಸಿ ಸಿಕ್ಕಿಬಿದ್ದವರು ನ್ಯಾಯಾಲಯದಲ್ಲಿ ದಂಡ ಕಟ್ಟಿದೊಡನೆ ಎಲ್ಲವೂ ಮುಗಿಯುವುದಿಲ್ಲ.

ಮಿತಿ ಎಷ್ಟು?: 1988ರ ಮೋಟಾರು ವಾಹನ ಕಾಯ್ದೆಯ 185ನೇ ಕಲಮಿನಂತೆ, 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ಮೀರಿ ಮದ್ಯಸಾರ ಕಂಡುಬಂದರೆ ಅಪರಾಧ. ಮಾದಕ ವಸ್ತುವಿನ ಅಮಲಿನಲ್ಲಿ ವಾಹನದ ಮೇಲೆ ಹಿಡಿತ ತಪ್ಪಿದವರಿಗೂ ಇದೇ ಕಲಂ ಅನ್ವಯ. 2019ರ ತಿದ್ದುಪಡಿಯಂತೆ ಮೊದಲ ಬಾರಿಗೆ 6 ತಿಂಗಳವರೆಗೆ ಸೆರೆವಾಸ ಅಥವಾ 10,000 ರೂ. ದಂಡ, ಇಲ್ಲವೇ ಎರಡೂ.

ಪರವಾನಗಿ ಏನಾಗುತ್ತದೆ?: ಪೊಲೀಸರು ವಶಪಡಿಸಿಕೊಂಡ ಪರವಾನಗಿಯನ್ನು ಸಾರಿಗೆ ಇಲಾಖೆಯ ಪರವಾನಗಿ ಪ್ರಾಧಿಕಾರಕ್ಕೆ ಕಳುಹಿಸುತ್ತಾರೆ. ಚಾಲಕನ ಅಹವಾಲು ಆಲಿಸಿದ ಬಳಿಕ ಪ್ರಾಧಿಕಾರವು ಪ್ರಕರಣ ಕೈಬಿಡಬಹುದು ಅಥವಾ ಮೊದಲ ತಪ್ಪಿಗೆ 3 ತಿಂಗಳು ಅನರ್ಹಗೊಳಿಸಬಹುದು. ತಪ್ಪು ಮರುಕಳಿಸಿದರೆ ಪರವಾನಗಿಯೇ ರದ್ದಾಗಬಹುದು. ಆದೇಶದ ವಿರುದ್ಧ 30 ದಿನಗಳೊಳಗೆ ಮೇಲ್ಮನವಿ ಸಲ್ಲಿಸಲು ಅವಕಾಶವಿದೆ.

ಮರಳುವುದು ಹೇಗೆ?: ಅವಧಿ ಮುಗಿದ ಮಾತ್ರಕ್ಕೆ ಪರವಾನಗಿ ಕೈಸೇರದು. ಚಾಲಕರ ಪುನಶ್ಚೇತನ ತರಬೇತಿಯನ್ನು ಯಶಸ್ವಿಯಾಗಿ ಪೂರೈಸಿದವರಿಗಷ್ಟೇ ಅದನ್ನು ಮರಳಿಸಲಾಗುತ್ತದೆ. ಅನರ್ಹತೆಯ ಅವಧಿಯಲ್ಲಿ ಹೊಟ್ಟೆಪಾಡೆಂದು ಸ್ಟೇರಿಂಗ್ ಹಿಡಿದರೆ ಅದು ಪ್ರತ್ಯೇಕ ಅಪರಾಧ. ಅದಕ್ಕೆ 3 ತಿಂಗಳವರೆಗೆ ಸೆರೆವಾಸ ಅಥವಾ 10,000 ರೂ. ದಂಡ, ಇಲ್ಲವೇ ಎರಡನ್ನೂ ವಿಧಿಸಬಹುದು.