ಸಿವಿಲ್ ಮೇಲ್ಮನವಿಯ ಕಾಲಮಿತಿ ಮತ್ತು ವಿಳಂಬ: ಬೆಂಗಳೂರು ಗ್ರಾಮಾಂತರ ಜಿಲ್ಲೆ

ಸಿವಿಲ್ ನ್ಯಾಯಾಲಯದ ಡಿಕ್ರಿಯ ವಿರುದ್ಧ ನಿಗದಿತ ದಿನಗಳೊಳಗೆ ಮೇಲ್ಮನವಿ ಹೋಗದಿದ್ದರೆ ಡಿಕ್ರಿಯೇ ಅಂತಿಮ. ತೀರ್ಪಿನಲ್ಲಿ ತಪ್ಪಿದ್ದರೂ ಮೇಲಿನ ನ್ಯಾಯಾಲಯ ಅದನ್ನು ತೆರೆದು ನೋಡುವುದಿಲ್ಲ. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ತಾಲ್ಲೂಕುಗಳಲ್ಲಿ ಈ ನಿಯಮದ ಪೆಟ್ಟು ಹೆಚ್ಚಾಗಿ ಬೀಳುವುದು ಪಾಲುದಾವೆ ಮತ್ತು ಭೂಸ್ವಾಧೀನ ಪರಿಹಾರದ ಪ್ರಕರಣಗಳ ಮೇಲೆ. 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಆರಂಭವಾದ ಮೇಲಂತೂ ಇಲ್ಲಿ ಒಂದೊಂದು ಗುಂಟೆಗೂ ವ್ಯಾಜ್ಯ ಹೂಡುವಷ್ಟು ಬೆಲೆ ಬಂದಿದೆ.

ಬ್ರಿಟಿಷ್ ಭಾರತದ 1859ರ ಕಾಲಮಿತಿ ಕಾಯ್ದೆ ದಾವೆಗಳಿಗಷ್ಟೇ ಅನ್ವಯಿಸುತ್ತಿತ್ತು. ಮೇಲ್ಮನವಿಗಳು ಅದರ ವ್ಯಾಪ್ತಿಗೆ ಬಂದದ್ದು 1871ರ ಕಾಯ್ದೆಯಲ್ಲಿ. ಜಿಲ್ಲಾ ನ್ಯಾಯಾಲಯಕ್ಕೆ 30 ದಿನ, ಹೈಕೋರ್ಟಿಗೆ 90 ದಿನ ಎಂಬ 1908ರ ಕಾಯ್ದೆಯ ಲೆಕ್ಕ 1963ರ ಕಾಯ್ದೆಯಲ್ಲೂ ಉಳಿಯಿತು. ಎದುರಾಳಿ ಆಕ್ಷೇಪಿಸದಿದ್ದರೂ ಅವಧಿ ಮೀರಿದ ಮೇಲ್ಮನವಿಯನ್ನು ನ್ಯಾಯಾಲಯವೇ ವಜಾ ಮಾಡಬೇಕು ಎನ್ನುತ್ತದೆ ಅದರ 3ನೇ ಕಲಂ. ಸಾಕಷ್ಟು ಕಾರಣವಿದ್ದರೆ ವಿಳಂಬ ಮನ್ನಿಸಬಹುದು ಎನ್ನುತ್ತದೆ 5ನೇ ಕಲಂ. ಸಿವಿಲ್ ಪ್ರಕ್ರಿಯಾ ಸಂಹಿತೆಗೆ ಬಂದ 1976ರ ತಿದ್ದುಪಡಿಯ ನಂತರ ವಿಳಂಬ ಮನ್ನಾ ಕೋರುವ ಮಧ್ಯಂತರ ಅರ್ಜಿಯನ್ನು ಮೇಲ್ಮನವಿಯ ಜೊತೆಗೇ, ಪ್ರಮಾಣಪತ್ರ ಸಮೇತ ಹಾಕಬೇಕು. ಮೇಲ್ಮನವಿಯ ವಿಚಾರಣೆ ನಡೆಸಲು ನ್ಯಾಯಾಲಯ ನಿರ್ಧರಿಸುವ ತನಕ ತಡೆಯಾಜ್ಞೆಯಿಲ್ಲ. ಅಷ್ಟರಲ್ಲಿ ಗೆದ್ದವರು ಅಮಲ್ಜಾರಿ ಅರ್ಜಿ ಹಾಕಿ, ಅಮೀನರನ್ನು ಕರೆದುಕೊಂಡು ಹೊಲಕ್ಕೆ ಬಂದರೂ ಬರಬಹುದು.

ದಿನಗಳ ಲೆಕ್ಕ ತಪ್ಪುವುದು ಬಹುಮಟ್ಟಿಗೆ ನಕಲು ಪಡೆಯುವ ಹಂತದಲ್ಲಿ. ತೀರ್ಪಿನ ದೃಢೀಕೃತ ಪ್ರತಿಯ ಮೇಲೆ ಅರ್ಜಿ ಕೊಟ್ಟ ದಿನ, ಪ್ರತಿ ಸಿದ್ಧವಾದ ದಿನ, ಕೈಗೆ ಕೊಟ್ಟ ದಿನ ನಮೂದಾಗಿರುತ್ತವೆ. ನಕಲು ತಯಾರಾಗಲು ಹಿಡಿದ ಕಾಲವನ್ನು ಕಾಲಮಿತಿ ಕಾಯ್ದೆಯ 12ನೇ ಕಲಂ ಅವಧಿಯಿಂದ ಕಳೆಯುತ್ತದೆ. ಆದರೆ ನಕಲಿನ ಅರ್ಜಿಯನ್ನೇ ತಡವಾಗಿ ಕೊಟ್ಟಿದ್ದರೆ, ಸಿದ್ಧವಾದ ಪ್ರತಿಯನ್ನು ಒಯ್ಯದೆ ಬಿಟ್ಟಿದ್ದರೆ, ಆ ದಿನಗಳು ಕಕ್ಷಿದಾರರ ಲೆಕ್ಕಕ್ಕೇ ಬೀಳುತ್ತವೆ.

ಪಾಲುದಾವೆಯಲ್ಲಿ ಇನ್ನೊಂದು ಅಪಾಯವಿದೆ. ಯಾರಿಗೆ ಎಷ್ಟು ಭಾಗ ಎಂದು ಪ್ರಾಥಮಿಕ ಡಿಕ್ರಿಯೇ ಹೇಳಿಬಿಡುತ್ತದೆ. ಜಮೀನು ಅಳೆದು ಹಂಚುವ ಅಂತಿಮ ಡಿಕ್ರಿಗೆ ವರ್ಷಗಳು ಹಿಡಿಯುತ್ತವೆ. ಅಳತೆಯಾದ ಮೇಲೆ ನೋಡೋಣವೆಂದು ಸುಮ್ಮನಿದ್ದವರಿಗೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 97ನೇ ಕಲಂ ಅಡ್ಡ ಬರುತ್ತದೆ: ಪ್ರಾಥಮಿಕ ಡಿಕ್ರಿಯನ್ನು ಆಗಲೇ ಪ್ರಶ್ನಿಸದವರು ಅಂತಿಮ ಡಿಕ್ರಿಯ ಮೇಲ್ಮನವಿಯಲ್ಲಿ ಅದರ ತಪ್ಪು ಎತ್ತುವಂತಿಲ್ಲ. ಈ ಕಲಮಿನ ಬಗ್ಗೆ ಹಳ್ಳಿಗಳಲ್ಲಿ ತಿಳಿವಳಿಕೆ ಮೂಡಿಸುವುದು ತುರ್ತಾಗಿ ಆಗಬೇಕಾದ ಕೆಲಸ.

ಸರ್ಕಾರದ ವಿಳಂಬಕ್ಕೆ ಸಿಕ್ಕ ರಿಯಾಯಿತಿಯ ಚರಿತ್ರೆಯಲ್ಲಿ ಬೆಂಗಳೂರಿನದೇ ಒಂದು ಪ್ರಮುಖ ಪ್ರಕರಣವಿದೆ. 1988ರ ಜಿ. ರಾಮೇಗೌಡ ಪ್ರಕರಣದಲ್ಲಿ ಬೆಂಗಳೂರಿನ ವಿಶೇಷ ಭೂಸ್ವಾಧೀನಾಧಿಕಾರಿಯ ಮೇಲ್ಮನವಿಗಳು ಸರ್ಕಾರಿ ವಕೀಲರ ಲೋಪದಿಂದ ತಡವಾಗಿದ್ದವು. ಹೈಕೋರ್ಟ್ ವಿಳಂಬ ಮನ್ನಿಸಿದ್ದನ್ನು ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಸರ್ಕಾರ ಸೋತರೆ ನಷ್ಟ ಸಾರ್ವಜನಿಕ ಹಿತಕ್ಕೆ ಎಂಬುದು ನ್ಯಾಯಮೂರ್ತಿ ಎಂ.ಎನ್. ವೆಂಕಟಾಚಲಯ್ಯನವರ ತರ್ಕ. ಆದರೆ ವಕೀಲರ ಎಲ್ಲ ತಪ್ಪೂ ಕಕ್ಷಿದಾರರಿಗೆ ರಕ್ಷೆಯಾಗದು ಎಂದೂ ಅದೇ ತೀರ್ಪು ಹೇಳಿತು. ರೈತರಿಗೆ ಇಲ್ಲದ ಈ ಸಲಿಗೆ ಸರ್ಕಾರಕ್ಕೇಕೆ ಎಂಬ ಪ್ರಶ್ನೆ ನ್ಯಾಯವಾದದ್ದೇ. 2012ರಲ್ಲಿ ಅಂಚೆ ಇಲಾಖೆಯ 427 ದಿನಗಳ ವಿಳಂಬವನ್ನು ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ, ಕರ್ನಾಟಕ ಗೃಹ ಮಂಡಳಿಯ ಎರಡನೇ ಮೇಲ್ಮನವಿಯ 3,966 ದಿನಗಳ ವಿಳಂಬವನ್ನು ಮನ್ನಿಸಿದ್ದ ಹೈಕೋರ್ಟ್ ಆದೇಶವನ್ನೇ ರದ್ದುಪಡಿಸಿತು.

ಕೋವಿಡ್ ಕಾಲದ 15-3-2020ರಿಂದ 28-2-2022ರವರೆಗಿನ ದಿನಗಳನ್ನು ಸುಪ್ರೀಂ ಕೋರ್ಟ್ ಎಲ್ಲ ಕಕ್ಷಿದಾರರಿಗೂ ಲೆಕ್ಕದಿಂದ ಬಿಟ್ಟಿತ್ತು. ಹೆಚ್ಚುವರಿ ಪರಿಹಾರ ಕೋರಿ ತಡವಾಗಿ ಬರುವ ಭೂಮಾಲೀಕರ ಮೇಲ್ಮನವಿಗಳಲ್ಲಿ ನ್ಯಾಯಾಲಯಗಳು ಹಲವು ಸಲ ನಡುದಾರಿ ಹಿಡಿದಿವೆ: ವಿಳಂಬ ಮನ್ನಿಸಿ, ನೆರೆಯವರಿಗೆ ಸಿಕ್ಕ ದರವನ್ನೇ ಕೊಟ್ಟು, ತಡವಾದ ಅವಧಿಯ ಬಡ್ಡಿಯನ್ನು ಮಾತ್ರ ನಿರಾಕರಿಸಿವೆ.